ಸೀಮೆಎಣ್ಣೆ ಅಗ್ಗ ಮಾಡಿದವನನ್ನು ಕೋರ್ಟಿಗೆ ಎಳೆದದ್ದೇಕೆ?

ಇವತ್ತು ಒಂದು ವಿಚಿತ್ರ ಕೇಸಿನ ಕಥೆ ಹೇಳ್ತೀನಿ. ಈ ಕೇಸಿನ ಆರೋಪಿ ಒಂದು ಕಂಪನಿ. ಆ ಕಂಪನಿ ಬೆಳೆದ ಕಾಲದಲ್ಲಿ ಏನಾಯ್ತು ಗೊತ್ತಾ? ಜನರ ಮನೆಯ ದೀಪಕ್ಕೆ ಹಾಕುವ ಎಣ್ಣೆಯ ಬೆಲೆ ಇಳೀತು. 1870ರ ಸುಮಾರಿಗೆ ಅಮೆರಿಕದಲ್ಲಿ ಒಂದು ಗ್ಯಾಲನ್ ಸೀಮೆಎಣ್ಣೆಗೆ 26 ಸೆಂಟ್ ಇತ್ತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದು ಸುಮಾರು 8 ಸೆಂಟಿಗೆ ಬಂದು ನಿಂತಿತ್ತು. ಮೂರನೇ ಒಂದು ಭಾಗಕ್ಕಿಂತ ಕಡಿಮೆ! ಕತ್ತಲಾದ ಕೂಡಲೇ ಮಲಗುತ್ತಿದ್ದ ಬಡವರ ಮನೆಯಲ್ಲೂ ದೀಪ ಉರಿಯಿತು. ಹೀಗಿದ್ದೂ 1911ರ ಮೇ 15ರಂದು ಅಮೆರಿಕದ ಸುಪ್ರೀಂ ಕೋರ್ಟ್, ಆ ಕಂಪನಿಯನ್ನು ಒಡೆದು ಹಾಕಿ ಅಂತ ತೀರ್ಪು ಕೊಟ್ಟಿತು.

ಬೆಲೆ ಏರಿಸಿದವರನ್ನು ಹಿಡಿಯೋದು ಸರಿ. ಅಗ್ಗದ ಎಣ್ಣೆ ಮಾರಿದವರನ್ನು ಯಾಕೆ ಸ್ವಾಮಿ?

ಕಂಪನಿಯ ಹೆಸರು ಸ್ಟಾಂಡರ್ಡ್ ಆಯಿಲ್. ಕಟ್ಟಿದವನು ಜಾನ್ ಡಿ. ರಾಕ್‌ಫೆಲ್ಲರ್. ಅರ್ಥಶಾಸ್ತ್ರದ ಸ್ನಾತಕೋತ್ತರ ತರಗತಿಯಲ್ಲಿ 'ಇಂಡಸ್ಟ್ರಿಯಲ್ ಆರ್ಗನೈಸೇಷನ್' ಅಂತ ಒಂದು ವಿಷಯ ಇದೆ. ಹೆಸರು ಕೇಳಿ ಕಾರ್ಖಾನೆ ನಡೆಸೋದನ್ನ ಕಲಿಸ್ತಾರೆ ಅಂದುಕೊಳ್ಳಬೇಡಿ. ಒಂದು ಮಾರುಕಟ್ಟೆಯಲ್ಲಿ ಎಷ್ಟು ಜನ ವ್ಯಾಪಾರಿಗಳಿದ್ದಾರೆ, ಅವರು ನಿಜವಾಗಿ ಪೈಪೋಟಿ ಮಾಡ್ತಾರೋ ಒಳಗೊಳಗೇ ಕೈ ಜೋಡಿಸ್ತಾರೋ, ಹೊಸಬನೊಬ್ಬ ಒಳಗೆ ಬರೋಕೆ ಆಗುತ್ತೋ ಇಲ್ವೋ ಅನ್ನೋದರ ಅಧ್ಯಯನ ಅದು. ಅದರ ಬೆನ್ನಿಗೇ ಬರೋದು ಸ್ಪರ್ಧಾ ನೀತಿ. ಅಂದರೆ, ಸರ್ಕಾರ ಯಾವಾಗ ಕೈ ಹಾಕಬೇಕು, ಯಾವಾಗ ಸುಮ್ಮನಿರಬೇಕು ಅನ್ನೋದು. ಈ ಎರಡೂ ಪಾಠಗಳಲ್ಲಿ ಸ್ಟಾಂಡರ್ಡ್ ಆಯಿಲ್ ಕೇಸು ಮತ್ತೆ ಮತ್ತೆ ಬರುತ್ತೆ. ಇವತ್ತಿಗೂ ಪ್ರೊಫೆಸರ್‌ಗಳು ಇದರ ಮೇಲೆ ಜಗಳ ಆಡ್ತಾರೆ. ಆದರೆ ಇದು ಪ್ರೊಫೆಸರ್‌ಗಳಿಗೆ ಮಾತ್ರ ಬಿಟ್ಟು ಕೂರುವ ಕಥೆ ಅಲ್ಲ. ನಿಮ್ಮ ಜೇಬಿನಲ್ಲಿರೋ ಮೊಬೈಲ್ ತನಕ ಬರುವ ಕಥೆ.

1859ರಲ್ಲಿ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್ ಅನ್ನೋ ಊರಲ್ಲಿ ಎಡ್ವಿನ್ ಡ್ರೇಕ್ ಎಂಬಾತ ಸುಮಾರು 69 ಅಡಿ ಕೊರೆಸಿ ಎಣ್ಣೆ ತೆಗೆದ. ಅಲ್ಲಿಯವರೆಗೆ ಅನುಕೂಲಸ್ಥರ ಮನೆಯಲ್ಲಿ ತಿಮಿಂಗಿಲದ ಎಣ್ಣೆಯ ದೀಪ ಉರೀತಿತ್ತು. ನೆಲದಿಂದ ಎಣ್ಣೆ ಬಂದದ್ದೇ ತಡ, ಜನ ಜಾತ್ರೆಗೆ ನುಗ್ಗುವ ಹಾಗೆ ಅಲ್ಲಿಗೆ ನುಗ್ಗಿದರು. ಬಾವಿ ಕೊರೆಯುವವರು, ಪೀಪಾಯಿ ಮಾಡುವವರು, ಎಣ್ಣೆ ಶುದ್ಧೀಕರಿಸುವವರು. ರಾಕ್‌ಫೆಲ್ಲರ್ ಮಾತ್ರ ಬಾವಿಯ ಕಡೆ ತಲೆ ಹಾಕಲಿಲ್ಲ. ಅವನ ಅಪ್ಪ ಊರೂರು ತಿರುಗಿ ಬೋಗಸ್ ಔಷಧಿ ಮಾರುತ್ತಿದ್ದವನು. ಮಗ ಅದಕ್ಕೆ ತದ್ವಿರುದ್ಧ. ಹದಿನಾರನೇ ವಯಸ್ಸಿಗೆ ಕ್ಲೀವ್‌ಲ್ಯಾಂಡ್ ಊರಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯಲು ಕೂತ. ಕಾಸಿಗೆ ಕಾಸು ಲೆಕ್ಕ. ಬಾವಿ ಇವತ್ತು ಉಕ್ಕುತ್ತೆ, ನಾಳೆ ಬತ್ತುತ್ತೆ, ಆದರೆ ಶುದ್ಧೀಕರಣ ಘಟಕಕ್ಕೆ ಎಲ್ಲರೂ ಬರಲೇಬೇಕು ಅಂತ ಲೆಕ್ಕ ಹಾಕಿದ. 1870ರ ಜನವರಿಯಲ್ಲಿ 10 ಲಕ್ಷ ಡಾಲರ್ ಬಂಡವಾಳದಲ್ಲಿ ಸ್ಟಾಂಡರ್ಡ್ ಆಯಿಲ್ ಕಂಪನಿ ಶುರುವಾಯ್ತು.

ಅವನ ಜಾಣತನವನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಪೀಪಾಯಿಯನ್ನು ಹೊರಗೆ ಕೊಳ್ಳದೆ ತಾನೇ ಮಾಡಿಸಿದ. ಬೇರೆಯವರು ಹೊಳೆಗೆ ಚೆಲ್ಲುತ್ತಿದ್ದ ಉಪ ಉತ್ಪನ್ನಗಳನ್ನು ಮಾರಿದ. ಒಮ್ಮೆ ಕಾರ್ಖಾನೆಯಲ್ಲಿ ರಫ್ತಿನ ಸೀಮೆಎಣ್ಣೆ ಡಬ್ಬಕ್ಕೆ ಬೆಸುಗೆ ಹಾಕೋದನ್ನ ನೋಡ್ತಾ ನಿಂತಿದ್ದನಂತೆ. ಎಷ್ಟು ಹನಿ ಬೆಸುಗೆ ಅಂತ ಕೇಳಿದ. ನಲವತ್ತು. ಮೂವತ್ತೆಂಟರಲ್ಲಿ ಮಾಡಿ ನೋಡಿ ಅಂದ. ಕೆಲವು ಡಬ್ಬ ಸೋರಿದವು. ಮೂವತ್ತೊಂಬತ್ತರಲ್ಲಿ ಒಂದೂ ಸೋರಲಿಲ್ಲ. ಅಲ್ಲಿಂದ ಮುಂದೆ ಮೂವತ್ತೊಂಬತ್ತೇ ಹನಿ! ಇಂಥ ಮನುಷ್ಯ ವ್ಯಾಪಾರದಲ್ಲಿ ಗೆದ್ದರೆ ಆಶ್ಚರ್ಯ ಏನಿಲ್ಲ.

ಆದರೆ ಬರೀ ಮೂವತ್ತೊಂಬತ್ತು ಹನಿಯಿಂದ ಗೆದ್ದನಾ? ಇಲ್ಲ. ಕಥೆಯ ತಿರುವು ಇರೋದು 1872ರ ಆರಂಭದಲ್ಲಿ.

ಎಣ್ಣೆ ಇದ್ದದ್ದು ಪೆನ್ಸಿಲ್ವೇನಿಯಾದ ಬೆಟ್ಟಗಳ ನಡುವೆ. ಶುದ್ಧೀಕರಣ ಆಗ್ತಿದ್ದದ್ದು ಕ್ಲೀವ್‌ಲ್ಯಾಂಡ್‌ನಂಥ ಊರುಗಳಲ್ಲಿ. ದೊಡ್ಡ ಮಾರುಕಟ್ಟೆ ಇದ್ದದ್ದು ನ್ಯೂಯಾರ್ಕ್‌ನಲ್ಲಿ. ನಡುವೆ ಇದ್ದದ್ದು ರೈಲು. ಪೆನ್ಸಿಲ್ವೇನಿಯಾ, ಈರೀ, ನ್ಯೂಯಾರ್ಕ್ ಸೆಂಟ್ರಲ್ ಅಂತ ಮೂರು ಖಾಸಗಿ ರೈಲ್ವೆ ಕಂಪನಿಗಳು. ಈ ಮೂರೂ ಸೇರಿ, ಸ್ಟಾಂಡರ್ಡ್ ಮತ್ತು ಕೆಲವೇ ಶುದ್ಧೀಕರಣದಾರರ ಜೊತೆ ಒಂದು ಗುಟ್ಟಿನ ಒಪ್ಪಂದ ಮಾಡಿಕೊಂಡವು. ಅದಕ್ಕೆ ಇಟ್ಟ ಮುಖವಾಡದ ಹೆಸರು ಸೌತ್ ಇಂಪ್ರೂವ್‌ಮೆಂಟ್ ಕಂಪನಿ.

ಒಪ್ಪಂದದಲ್ಲಿ ಏನಿತ್ತು? ಇದನ್ನ ಸ್ವಲ್ಪ ನಿಧಾನವಾಗಿ ನೋಡೋಣ. ಎಣ್ಣೆ ಸೀಮೆಯಿಂದ ಕ್ಲೀವ್‌ಲ್ಯಾಂಡ್‌ಗೆ ಒಂದು ಪೀಪಾಯಿ ಕಚ್ಚಾ ಎಣ್ಣೆ ತರಲು ಬಹಿರಂಗ ದರ 80 ಸೆಂಟ್. ಗುಂಪಿನೊಳಗೆ ಇದ್ದವನಿಗೆ ಅದು 40 ಸೆಂಟಿಗೇ ಸಿಗುತ್ತೆ. ಇಲ್ಲಿಯವರೆಗೆ ಸರಿ, ದೊಡ್ಡ ಗಿರಾಕಿಗೆ ರಿಯಾಯಿತಿ ಅನ್ನಬಹುದು. ಮುಂದೆ ಕೇಳಿ. ಗುಂಪಿನ ಹೊರಗೆ ಇರುವವನು ಪೂರ್ತಿ 80 ಸೆಂಟ್ ಕಟ್ಟುತ್ತಾನಲ್ಲ, ಅದರಲ್ಲಿ 40 ಸೆಂಟನ್ನು ರೈಲ್ವೆಯವರು ತೆಗೆದು ಗುಂಪಿನವರಿಗೆ ಕೊಡ್ತಾರೆ! ಕ್ಲೀವ್‌ಲ್ಯಾಂಡ್‌ನಿಂದ ನ್ಯೂಯಾರ್ಕ್‌ಗೆ ಶುದ್ಧ ಎಣ್ಣೆ ಸಾಗಿಸಲು 2 ಡಾಲರ್ ದರ. ಅಲ್ಲೂ ಅದೇ ಆಟ, ಪೀಪಾಯಿಗೆ 50 ಸೆಂಟ್.

ಅರ್ಥ ಆಯ್ತಾ? ನೀವೂ ನಾನೂ ಒಂದೇ ಊರಲ್ಲಿ ಒಂದೇ ವ್ಯಾಪಾರ ಮಾಡ್ತೀವಿ. ಊರಿಗೆ ಇರೋದು ಒಬ್ಬನೇ ಲಾರಿ ಮಾಲೀಕ. ನನಗೆ ಅರ್ಧ ಬಾಡಿಗೆ, ನಿಮಗೆ ಪೂರ್ತಿ ಬಾಡಿಗೆ. ಅಷ್ಟೇ ಅಲ್ಲ, ನೀವು ಕೊಟ್ಟ ಬಾಡಿಗೆಯ ಅರ್ಧ ನನ್ನ ಜೇಬಿಗೆ ಬರುತ್ತೆ. ನೀವು ಹೆಚ್ಚು ದುಡಿದಷ್ಟೂ ನಾನು ಬೆಳೀತೀನಿ. ಇದು ಸಾಲದು ಅಂತ, ನೀವು ಯಾರಿಗೆ, ಎಷ್ಟು ಸರಕು ಕಳಿಸಿದ್ರಿ ಅನ್ನೋ ಲೆಕ್ಕವನ್ನೂ ಲಾರಿ ಮಾಲೀಕ ನನಗೆ ತಂದು ಕೊಡ್ತಾನೆ. ಒಪ್ಪಂದದಲ್ಲಿ ಅದೂ ಇತ್ತು. ಇದಕ್ಕೆ ಪೈಪೋಟಿ ಅಂತೀರಾ?

ಗುಟ್ಟು ಬಹಳ ದಿನ ಉಳೀಲಿಲ್ಲ. 1872ರ ಫೆಬ್ರವರಿ ಕೊನೆಗೆ ಹೊಸ ದರಪಟ್ಟಿ ಹೊರಬಿತ್ತು. ಟೈಟಸ್‌ವಿಲ್, ಆಯಿಲ್ ಸಿಟಿ ಹೊತ್ತಿ ಉರಿದವು. ಬಾವಿಗಳ ಮಾಲೀಕರು ಸಭೆ ಸೇರಿ, ಆ ಗುಂಪಿಗೆ ಒಂದು ಹನಿ ಕಚ್ಚಾ ಎಣ್ಣೆಯನ್ನೂ ಕೊಡಬಾರದು ಅಂತ ತೀರ್ಮಾನಿಸಿದರು. ಏಪ್ರಿಲ್ ಹೊತ್ತಿಗೆ ಆ ಕಂಪನಿಯ ಪರವಾನಗಿಯೇ ರದ್ದಾಯ್ತು. ಆ ಒಪ್ಪಂದದಡಿ ಒಂದೇ ಒಂದು ಪೀಪಾಯಿ ಕೂಡ ಸಾಗಲಿಲ್ಲ. ಜನ ಗೆದ್ದರು ಅಂದುಕೊಂಡ್ರಾ?

ಅದೇ ಕೆಲವು ವಾರಗಳಲ್ಲಿ ರಾಕ್‌ಫೆಲ್ಲರ್ ಕ್ಲೀವ್‌ಲ್ಯಾಂಡ್‌ನಲ್ಲಿ ಬಾಗಿಲು ಬಾಗಿಲು ತಟ್ಟಿದ್ದ. ಒಬ್ಬೊಬ್ಬ ಎದುರಾಳಿಯ ಮುಂದೆಯೂ ಕೂತು, ನಿಮ್ಮ ಘಟಕವನ್ನು ನನಗೆ ಮಾರಿ, ದುಡ್ಡು ಬೇಕಾದರೆ ದುಡ್ಡು, ಷೇರು ಬೇಕಾದರೆ ಷೇರು ತಗೊಳ್ಳಿ ಅಂತ ಸಮಾಧಾನವಾಗಿ ಹೇಳಿದ. ಕೂಗಾಟ ಇಲ್ಲ, ಗೂಂಡಾಗಳಿಲ್ಲ. ಯಾಕಂದ್ರೆ ರೈಲಿನ ನೆರಳು ಆ ಮಾತಿನ ಹಿಂದೆ ನಿಂತಿತ್ತು. ಮಾರದಿದ್ದರೆ ನಿಮ್ಮ ಆಸ್ತಿಗೆ ಬೆಲೆಯೇ ಉಳಿಯಲ್ಲ ಅನ್ನೋ ಸಂದೇಶ ಎಲ್ಲರಿಗೂ ತಲುಪಿತು. ಮುಂದೆ ಸಂಸತ್ತಿನ ಸಮಿತಿಯ ಎದುರು ಈ ಸಾಕ್ಷಿ ಹೇಳಿದವರಲ್ಲಿ ಅವನ ಸ್ವಂತ ತಮ್ಮ ಫ್ರಾಂಕ್ ಕೂಡ ಒಬ್ಬ. ಅವನು ಎದುರಾಳಿ ಕಂಪನಿಯ ಪಾಲುದಾರನಾಗಿದ್ದ. ಕ್ಲೀವ್‌ಲ್ಯಾಂಡ್‌ನಲ್ಲಿ ಸ್ಟಾಂಡರ್ಡ್‌ಗೆ ಎದುರಾಳಿಗಳಾಗಿದ್ದ 26 ಘಟಕಗಳಲ್ಲಿ 22 ಅದರ ಕೈಗೆ ಬಂದವು. ಒಪ್ಪಂದ ಸತ್ತಿತು. ಅದರ ಹೆದರಿಕೆ ಮಾತ್ರ ಕೆಲಸ ಮುಗಿಸಿತ್ತು.

1880ರ ಹೊತ್ತಿಗೆ ಅಮೆರಿಕದ ಎಣ್ಣೆ ಶುದ್ಧೀಕರಣದ ಸುಮಾರು ಶೇ. 90 ಸ್ಟಾಂಡರ್ಡ್ ಕೈಯಲ್ಲಿತ್ತು. 1882ರಲ್ಲಿ ಸ್ಯಾಮ್ಯುಯೆಲ್ ಡಾಡ್ ಅನ್ನೋ ವಕೀಲರ ಯೋಜನೆಯಂತೆ ಎಲ್ಲ ಕಂಪನಿಗಳ ಷೇರುಗಳನ್ನು ಒಂಬತ್ತು ಜನ ಟ್ರಸ್ಟಿಗಳ ಕೈಗೆ ಒಪ್ಪಿಸಲಾಯ್ತು. 'ಟ್ರಸ್ಟ್' ಅನ್ನೋ ಪದಕ್ಕೆ ಅಮೆರಿಕದಲ್ಲಿ ಕೆಟ್ಟ ಹೆಸರು ಬಂದದ್ದೇ ಅಲ್ಲಿಂದ. ಅಲ್ಲಿನ ಸ್ಪರ್ಧಾ ಕಾನೂನಿಗೆ ಇವತ್ತಿಗೂ 'ಆಂಟಿ ಟ್ರಸ್ಟ್' ಅನ್ನೋದು ಅದಕ್ಕೇ. 1890ರಲ್ಲಿ ಓಹಾಯೋದ ಸೆನೆಟರ್ ಜಾನ್ ಶೆರ್ಮನ್ ಹೆಸರಿನ ಕಾಯ್ದೆ ಬಂತು. ಏಕಸ್ವಾಮ್ಯ ಸಾಧಿಸಲು ಹೊರಡೋದು ಅಪರಾಧ ಅಂತ ಅದು ಹೇಳಿತು.

ಕಾಯ್ದೆ ಬಂತು, ಸರಿ. ಮೊದಲು ಪೆಟ್ಟು ತಿಂದವರು ಯಾರು? 1894ರಲ್ಲಿ ಪುಲ್ಮನ್ ರೈಲ್ವೆ ಮುಷ್ಕರದ ವೇಳೆ ಇದೇ ಕಾಯ್ದೆಯನ್ನು ಕಾರ್ಮಿಕರ ಮೇಲೆ ಬಳಸಲಾಯ್ತು. ಮರುವರ್ಷ ಸಕ್ಕರೆ ಉದ್ಯಮದ ಬಹುಪಾಲನ್ನು ನುಂಗಿದ್ದ ಗುಂಪಿನ ಕೇಸು ಬಂದಾಗ ಸುಪ್ರೀಂ ಕೋರ್ಟ್, ತಯಾರಿಕೆ ಬೇರೆ, ವಾಣಿಜ್ಯ ಬೇರೆ ಅಂತ ಹೇಳಿ ಗುಂಪನ್ನು ಬಿಟ್ಟುಬಿಟ್ಟಿತು. ದೊಡ್ಡವರನ್ನು ಹಿಡಿಯೋಕೆ ಹೆಣೆದ ಬಲೆಯಲ್ಲಿ ಮೊದಲು ಬಿದ್ದದ್ದು ಸಣ್ಣ ಮೀನು. ಇದು ಯಾವ ದೇಶದ ಕಥೆ ಅಲ್ಲ ಹೇಳಿ!

ಹಾಗಾದರೆ ಸ್ಟಾಂಡರ್ಡ್ ಸಿಕ್ಕಿಬಿದ್ದದ್ದು ಹೇಗೆ? ಇಲ್ಲಿ ನನ್ನ ವೃತ್ತಿಯವರೊಬ್ಬರು ಬರ್ತಾರೆ. ಹೆಸರು ಈಡಾ ಟಾರ್ಬೆಲ್. 1872ರ ಆ ಗಲಾಟೆ ನಡೆದಾಗ ಟೈಟಸ್‌ವಿಲ್‌ನಲ್ಲಿ ಬೆಳೆಯುತ್ತಿದ್ದ 14 ವರ್ಷದ ಹುಡುಗಿ. ಅಪ್ಪ ಎಣ್ಣೆ ತುಂಬುವ ಮರದ ಟ್ಯಾಂಕ್ ಮಾಡಿ ಮೇಲೆ ಬಂದವರು. ಸಂಜೆ ಮನೆಗೆ ಬಂದು ಮಕ್ಕಳ ಜೊತೆ ಹಾಡುತ್ತಿದ್ದ ಅಪ್ಪ, ಆ ದಿನಗಳಲ್ಲಿ ಹಾಡೋದನ್ನೇ ನಿಲ್ಲಿಸಿದ್ದು ಅವಳಿಗೆ ನೆನಪಿತ್ತು. ಮೂವತ್ತು ವರ್ಷದ ನಂತರ, 1902ರ ನವೆಂಬರ್‌ನಿಂದ 'ಮೆಕ್‌ಕ್ಲೂರ್ಸ್' ಪತ್ರಿಕೆಯಲ್ಲಿ ಆಕೆ ಸ್ಟಾಂಡರ್ಡ್‌ನ ಚರಿತ್ರೆಯನ್ನು ಬರೆಯತೊಡಗಿದರು. ಒಟ್ಟು 19 ಕಂತು. ಬೇಡ ಮಗಳೇ, ಅವರು ನಿನ್ನ ಪತ್ರಿಕೆಯನ್ನೇ ಮುಗಿಸಿಬಿಡ್ತಾರೆ ಅಂತ ಅಪ್ಪ ಎಚ್ಚರಿಸಿದ್ದರು. ಆಕೆ ನಿಲ್ಲಿಸಲಿಲ್ಲ.

ಆಕೆ ಬರೆದದ್ದು ಬೈಗುಳ ಅಲ್ಲ. ಕೋರ್ಟ್ ಸಾಕ್ಷ್ಯ, ಸಂಸತ್ತಿನ ವಿಚಾರಣೆ, ಒಪ್ಪಂದದ ಪ್ರತಿ, ಹೀಗೆ ದಾಖಲೆ ಮೇಲೆ ದಾಖಲೆ. ಒಂದು ಪ್ರಸಂಗ ಹೇಳ್ತೀನಿ. ಸ್ಟಾಂಡರ್ಡ್‌ನ ಕಚೇರಿಯೊಂದರಲ್ಲಿ ಹಳೇ ಕಾಗದ ಸುಡುವ ಕೆಲಸಕ್ಕೆ ಒಬ್ಬ ಹುಡುಗನಿದ್ದ. ಒಂದು ದಿನ ಸುಡುವ ಕಾಗದದಲ್ಲಿ ಅವನಿಗೆ ಪರಿಚಯದ ಹೆಸರು ಕಂಡಿತು. ಭಾನುವಾರದ ಚರ್ಚ್ ಶಾಲೆಯಲ್ಲಿ ತನಗೆ ಪಾಠ ಹೇಳುವ ಮೇಷ್ಟ್ರ ಹೆಸರು! ಆ ಮೇಷ್ಟ್ರು ಸ್ವತಂತ್ರ ಎಣ್ಣೆ ವ್ಯಾಪಾರಿ. ಅವರ ಸರಕು ಯಾವ ರೈಲಿನಲ್ಲಿ ಯಾರಿಗೆ ಹೋಗ್ತಿದೆ ಅನ್ನೋ ಮಾಹಿತಿ ಎದುರಾಳಿಯ ಮೇಜಿನ ಮೇಲೆ! ಹುಡುಗ ಕಾಗದವನ್ನು ಮೇಷ್ಟ್ರಿಗೆ ಕೊಟ್ಟ, ಅದು ಟಾರ್ಬೆಲ್ ಕೈ ಸೇರಿತು. ಮೂವತ್ತು ವರ್ಷದ ಹಿಂದಿನ ಒಪ್ಪಂದ ರದ್ದಾಗಿತ್ತು, ಆಟ ನಿಂತಿರಲಿಲ್ಲ.

ಜನಾಭಿಪ್ರಾಯ ತಿರುಗಿತು. 1906ರಲ್ಲಿ ಸರ್ಕಾರ ಕೇಸು ಹಾಕಿತು. 1907ರಲ್ಲಿ ಬೇರೊಂದು ಪ್ರಕರಣದಲ್ಲಿ, ರೈಲ್ವೆಯಿಂದ ಅಕ್ರಮ ರಿಯಾಯಿತಿ ಪಡೆದದ್ದಕ್ಕೆ ನ್ಯಾಯಾಧೀಶ ಲ್ಯಾಂಡಿಸ್ 2 ಕೋಟಿ 92 ಲಕ್ಷ 40 ಸಾವಿರ ಡಾಲರ್ ದಂಡ ಹಾಕಿದರು. ಮೇಲ್ಮನವಿಯಲ್ಲಿ ಅದು ಬಿದ್ದುಹೋಯ್ತು. ಕೊನೆಗೆ 1911ರಲ್ಲಿ ಮುಖ್ಯ ನ್ಯಾಯಮೂರ್ತಿ ಎಡ್ವರ್ಡ್ ವೈಟ್ ಅವರ ತೀರ್ಪು ಬಂತು. ದೊಡ್ಡದಾಗಿರೋದೇ ತಪ್ಪಲ್ಲ, ದೊಡ್ಡದಾದ ದಾರಿ ಮತ್ತು ಆ ಬಲವನ್ನು ಬಳಸಿದ ರೀತಿಯನ್ನು ನೋಡಬೇಕು ಅನ್ನೋದು ಅದರ ಸಾರ. ಸ್ಟಾಂಡರ್ಡ್ 34 ಕಂಪನಿಗಳಾಗಿ ಒಡೆಯಿತು. ತಮಾಷೆ ನೋಡಿ, ಎಲ್ಲದರಲ್ಲೂ ಪಾಲಿದ್ದ ರಾಕ್‌ಫೆಲ್ಲರ್, ಒಡೆದ ಮೇಲೆ ಷೇರುಗಳು ಏರಿ ಇನ್ನೂ ದೊಡ್ಡ ಶ್ರೀಮಂತನಾದ!

ಈಗ ಪ್ರೊಫೆಸರ್‌ಗಳ ಜಗಳಕ್ಕೆ ಬರೋಣ. ಪೈಪೋಟಿಯವರನ್ನು ಮುಳುಗಿಸಲು ಸ್ಟಾಂಡರ್ಡ್ ನಷ್ಟಕ್ಕೆ ಎಣ್ಣೆ ಮಾರುತ್ತಿತ್ತು, ಅವರು ಸತ್ತ ಮೇಲೆ ಬೆಲೆ ಏರಿಸುತ್ತಿತ್ತು ಅಂತ ಬಹುಕಾಲ ಎಲ್ಲರೂ ನಂಬಿದ್ದರು. 1958ರಲ್ಲಿ ಜಾನ್ ಮೆಕ್‌ಗೀ ಅನ್ನೋ ಅರ್ಥಶಾಸ್ತ್ರಜ್ಞ ಆ ಕೇಸಿನ ಸಾಕ್ಷ್ಯಗಳನ್ನು ಓದಿ, ಹಾಗೆ ನಡೆದದ್ದಕ್ಕೆ ಸರಿಯಾದ ಪುರಾವೆ ಇಲ್ಲ ಅಂದರು. ಅತಿ ಹೆಚ್ಚು ಮಾರುವವನಿಗೇ ಅತಿ ಹೆಚ್ಚು ನಷ್ಟ ಆಗುತ್ತೆ, ರಾಕ್‌ಫೆಲ್ಲರ್ ಅಷ್ಟು ದಡ್ಡನಲ್ಲ, ಎದುರಾಳಿಗಳನ್ನು ದುಡ್ಡು ಕೊಟ್ಟು ಕೊಂಡ, ಅಷ್ಟೇ ಅನ್ನೋದು ಅವರ ವಾದ. ಷಿಕಾಗೋ ಪಂಥದವರು ಇದನ್ನು ಹಿಡಿದುಕೊಂಡರು. ಗ್ರಾಹಕನಿಗೆ ಬೆಲೆ ಕಡಿಮೆ ಸಿಕ್ಕರೆ ಸರ್ಕಾರ ಯಾಕೆ ಮೂಗು ತೂರಿಸಬೇಕು ಅನ್ನೋ ವಾದ ಬೆಳೆದು, 1980ರ ದಶಕದ ಹೊತ್ತಿಗೆ ಅಮೆರಿಕದ ಕೋರ್ಟುಗಳೂ ಆ ಕಡೆ ವಾಲಿದವು.

ಆದರೆ 1996ರಲ್ಲಿ ಎಲಿಜಬೆತ್ ಗ್ರಾನಿಟ್ಜ್ ಮತ್ತು ಬೆಂಜಮಿನ್ ಕ್ಲೈನ್ ಮತ್ತೆ ಹಳೇ ಕಡತ ತೆರೆದು ರೈಲಿನ ಕಡೆ ಬೆರಳು ತೋರಿಸಿದರು. ಮೂರು ರೈಲ್ವೆಗಳು ಸರಕನ್ನು ಹಂಚಿಕೊಳ್ಳಲು ಒಪ್ಪಿದ್ದವು. ಪೆನ್ಸಿಲ್ವೇನಿಯಾಕ್ಕೆ ಶೇ. 45, ಉಳಿದೆರಡಕ್ಕೆ ತಲಾ ಶೇ. 27.5. ಆದರೆ ಒಬ್ಬರಿಗೆ ಇನ್ನೊಬ್ಬರ ಮೇಲೆ ನಂಬಿಕೆ ಇಲ್ಲ, ಗುಟ್ಟಾಗಿ ದರ ಇಳಿಸಿ ಗಿರಾಕಿಯನ್ನು ಎಳೀತಾರೆ ಅನ್ನೋ ಭಯ. ಯಾರ ಪಾಲು ಕಡಿಮೆಯಾದರೆ ಆ ಕಡೆ ಸರಕು ತಿರುಗಿಸುವ ಒಬ್ಬ ಪಂಚಾಯ್ತಿದಾರ ಬೇಕಿತ್ತು. ರಾಕ್‌ಫೆಲ್ಲರ್ ಆ ಕೆಲಸ ಮಾಡಿದ. ಅದಕ್ಕೆ ಸಿಕ್ಕ ಕೂಲಿ ಆ ರಿಯಾಯಿತಿ. ಅಂದರೆ ಅವನು ತನ್ನ ಖರ್ಚು ಇಳಿಸಿಕೊಂಡು ಮಾತ್ರ ಗೆಲ್ಲಲಿಲ್ಲ, ಎದುರಾಳಿಯ ಖರ್ಚು ಏರಿಸಿಯೂ ಗೆದ್ದ.

ಸರಿ, ಆದರೂ ಜನರಿಗೆ ಅಗ್ಗದ ಎಣ್ಣೆ ಸಿಕ್ಕಿತಲ್ಲ, ನಷ್ಟ ಏನು ಅಂತ ನೀವು ಕೇಳಬಹುದು. ಮೊದಲನೆಯದಾಗಿ, ಬೆಲೆ ಇಳಿದದ್ದರಲ್ಲಿ ಹೊಸ ಬಾವಿಗಳ ಪಾಲೂ ಇತ್ತು, ಹೊಸ ತಂತ್ರದ ಪಾಲೂ ಇತ್ತು. ಹತ್ತಾರು ಜನ ಪೈಪೋಟಿಗಿದ್ದಿದ್ದರೆ ಇನ್ನೂ ಎಷ್ಟು ಇಳೀತಿತ್ತು ಅನ್ನೋದು ಯಾವ ದರಪಟ್ಟಿಯಲ್ಲೂ ಸಿಗಲ್ಲ. ಎರಡನೆಯದು ಇದಕ್ಕಿಂತ ದೊಡ್ಡದು. ಸ್ಟಾಂಡರ್ಡ್‌ನ ಇಂಡಿಯಾನಾ ಘಟಕದಲ್ಲಿ ವಿಲಿಯಂ ಬರ್ಟನ್ ಅನ್ನೋ ರಸಾಯನಶಾಸ್ತ್ರಜ್ಞ ಇದ್ದರು. ಕಚ್ಚಾ ಎಣ್ಣೆಯ ಭಾರವಾದ ಭಾಗವನ್ನು ಬಿಸಿ ಮತ್ತು ಒತ್ತಡದಲ್ಲಿ ಒಡೆದು, ಹೆಚ್ಚು ಪೆಟ್ರೋಲ್ ತೆಗೆಯುವ ವಿಧಾನ ಅವರ ಕೈಗೆ ಬಂದಿತ್ತು. ಘಟಕ ಕಟ್ಟಲು 10 ಲಕ್ಷ ಡಾಲರ್ ಕೇಳಿದರು. ನ್ಯೂಯಾರ್ಕ್‌ನ ಕೇಂದ್ರ ಕಚೇರಿ ಸ್ಫೋಟದ ಹೆದರಿಕೆಯಿಂದ ಆಗಲ್ಲ ಅಂದಿತು. ಎಲ್ಲ ಅದರ ಕೈಯಲ್ಲೇ ಇರುವಾಗ ಬರ್ಟನ್ ಇನ್ಯಾರ ಬಾಗಿಲಿಗೆ ಹೋಗಬೇಕು? 1911ರಲ್ಲಿ ಕಂಪನಿ ಒಡೆಯಿತು. ಸ್ವತಂತ್ರವಾದ ಇಂಡಿಯಾನಾ ಕಂಪನಿ ಅದಕ್ಕೆ ಒಪ್ಪಿಗೆ ಕೊಟ್ಟಿತು. 1913ರ ಹೊತ್ತಿಗೆ ವಿಧಾನ ಬಳಕೆಗೆ ಬಂದು, ಅಷ್ಟೇ ಕಚ್ಚಾ ಎಣ್ಣೆಯಿಂದ ಸುಮಾರು ಎರಡರಷ್ಟು ಪೆಟ್ರೋಲ್ ತೆಗೆಯೋಕೆ ಸಾಧ್ಯವಾಯ್ತು. ಮೋಟಾರು ಕಾರಿನ ಯುಗ ಶುರುವಾಗಿದ್ದ ಹೊತ್ತು ಅದು.

ಏಕಸ್ವಾಮ್ಯದ ನಿಜವಾದ ನಷ್ಟ ಇದು. ಏರಿದ ಬೆಲೆ ಬಿಲ್ಲಿನಲ್ಲಿ ಕಾಣುತ್ತೆ. ಒಬ್ಬನೇ ಯಜಮಾನ ಬೇಡ ಅಂದದ್ದಕ್ಕೆ ಹುಟ್ಟದೇ ಹೋದ ವಸ್ತು ಯಾವ ಬಿಲ್ಲಿನಲ್ಲೂ ಕಾಣಲ್ಲ.

ಅಮೆರಿಕದ ಹಳೇ ಎಣ್ಣೆ ಕಂಪನಿಗೂ ನಮಗೂ ಏನು ಸಂಬಂಧ ಅಂದ್ರಾ? 'ಸೀಮೆಎಣ್ಣೆ' ಅನ್ನೋ ಪದವೇ ಹೇಳುತ್ತಲ್ಲ, ಹೊರಗಿನ ಸೀಮೆಯಿಂದ ಬಂದದ್ದು ಅಂತ. ಆ ಕಾಲದಲ್ಲಿ ಭಾರತಕ್ಕೆ ಅಮೆರಿಕದ ಸೀಮೆಎಣ್ಣೆಯೂ ಬರ್ತಿತ್ತು. ಒಡೆದ ತುಂಡುಗಳಲ್ಲಿ ನ್ಯೂಜೆರ್ಸಿ ಕಂಪನಿಯದ್ದು 'ಎಸ್ಸೊ' ಬ್ರ್ಯಾಂಡ್. ಸ್ಟಾಂಡರ್ಡ್ ಆಯಿಲ್‌ನ ಮೊದಲಕ್ಷರಗಳಾದ ಎಸ್ ಮತ್ತು ಓ ಸೇರಿಸಿ ಓದಿ, ಅದೇ ಎಸ್ಸೊ. ಭಾರತದಲ್ಲಿದ್ದ ಎಸ್ಸೊ ಉದ್ಯಮವನ್ನು ಸರ್ಕಾರ 1974ರಲ್ಲಿ ವಶಕ್ಕೆ ತೆಗೆದುಕೊಂಡಾಗ ಹುಟ್ಟಿದ್ದು ಹಿಂದೂಸ್ತಾನ್ ಪೆಟ್ರೋಲಿಯಂ. ನಮ್ಮ ಊರುಗಳ ಎಚ್‌ಪಿ ಬಂಕಿನ ವಂಶವೃಕ್ಷದಲ್ಲಿ ರಾಕ್‌ಫೆಲ್ಲರ್ ಇದ್ದಾನೆ ನೋಡಿ.

ಕಾನೂನಿನಲ್ಲೂ ನಂಟಿದೆ. 1969ರಲ್ಲಿ ನಾವು ತಂದ ಎಂಆರ್‌ಟಿಪಿ ಕಾಯ್ದೆ ಮುಖ್ಯವಾಗಿ ಗಾತ್ರವನ್ನು ಅಳೆಯಿತು. 20 ಕೋಟಿ ರೂಪಾಯಿ ಆಸ್ತಿ ದಾಟಿದ ಉದ್ಯಮ ಸಮೂಹ ವಿಸ್ತರಣೆಗೆ ಸರ್ಕಾರದ ಅನುಮತಿ ಕೇಳಬೇಕಿತ್ತು. 2002ರ ಸ್ಪರ್ಧಾ ಕಾಯ್ದೆ ದಾರಿ ಬದಲಿಸಿತು. ಪ್ರಬಲ ಸ್ಥಾನದಲ್ಲಿರೋದು ತಪ್ಪಲ್ಲ, ಆ ಸ್ಥಾನದ ದುರುಪಯೋಗ ತಪ್ಪು ಅಂತ ಅದರ 4ನೇ ಸೆಕ್ಷನ್ ಹೇಳುತ್ತೆ. 1911ರ ತೀರ್ಪಿನ ತಿರುಳೂ ಇದೇ ಅಲ್ವಾ?

2022ರ ಅಕ್ಟೋಬರ್‌ನಲ್ಲಿ ನಮ್ಮ ಸ್ಪರ್ಧಾ ಆಯೋಗ ಆಂಡ್ರಾಯ್ಡ್ ಪ್ರಕರಣದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶನಗಳನ್ನು ಕೈಬಿಟ್ಟರೂ ದಂಡವನ್ನು ಎತ್ತಿಹಿಡಿಯಿತು. ಫೋನ್ ಪೆಟ್ಟಿಗೆಯಿಂದ ಹೊರಬರುವ ಮೊದಲೇ ಅದರೊಳಗೆ ಯಾರ ಆ್ಯಪ್ ಕೂತಿರಬೇಕು ಅನ್ನೋದು ಅಲ್ಲಿನ ದೊಡ್ಡ ಪ್ರಶ್ನೆ. 2024ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ, ಹುಡುಕಾಟದ ವ್ಯವಹಾರದಲ್ಲಿ ಗೂಗಲ್ ಕಾನೂನು ಮುರಿದು ಏಕಸ್ವಾಮ್ಯ ಕಾಪಾಡಿಕೊಂಡಿದೆ ಅಂದರು. ಆಧಾರ ಯಾವುದು? ಅದೇ 1890ರ ಶೆರ್ಮನ್ ಕಾಯ್ದೆ. ಫೋನು ಮತ್ತು ಬ್ರೌಸರ್‌ಗಳಲ್ಲಿ ತಾನೇ ಮೊದಲು ಬರುವಂತೆ ನೋಡಿಕೊಳ್ಳಲು ಗೂಗಲ್ 2021ರ ಒಂದೇ ವರ್ಷ ಕೊಟ್ಟ ಹಣ 2,630 ಕೋಟಿ ಡಾಲರ್. ಹುಡುಕಾಟಕ್ಕೆ ನೀವು ಒಂದು ಪೈಸೆಯನ್ನೂ ಕೊಡಲ್ಲ, ಬೆಲೆ ಸೊನ್ನೆ. ಸೀಮೆಎಣ್ಣೆಗಿಂತಲೂ ಅಗ್ಗ! ಆದರೆ ರೈಲು ಹಳಿ ಯಾರ ಕೈಯಲ್ಲಿದೆ ಅನ್ನೋ ಪ್ರಶ್ನೆ ಹಾಗೇ ಇದೆ.

ಟಿವಿಯವನಾಗಿ ನನಗೆ ಈ ಪ್ರಶ್ನೆ ಬೇಗ ಅರ್ಥ ಆಗುತ್ತೆ. ಒಂದು ಚಾನೆಲ್ ಎಷ್ಟೇ ಒಳ್ಳೆ ಸುದ್ದಿ ಮಾಡಲಿ, ಕೇಬಲ್ಲಿನಲ್ಲಿ ಜಾಗ ಸಿಗದಿದ್ದರೆ ನಿಮ್ಮ ಮನೆಗೆ ಬರಲ್ಲ. ಸುದ್ದಿ ನಮ್ಮದು, ದಾರಿ ಬೇರೆಯವರದು.

ಹಾಗಾಗಿ ಮುಂದಿನ ಸಲ ಯಾವುದಾದರೂ ದೊಡ್ಡ ಕಂಪನಿ, ನಾವು ಗ್ರಾಹಕರಿಗೆ ಅಗ್ಗಕ್ಕೆ ಕೊಡ್ತಿದ್ದೀವಿ, ನಮ್ಮ ಮೇಲೆ ಯಾಕೆ ತನಿಖೆ ಅಂತ ಕೇಳಿದಾಗ, ಆ ಮಾತನ್ನು ತಳ್ಳಿ ಹಾಕಬೇಡಿ. ಅಗ್ಗ ಒಳ್ಳೆಯದೇ. ಜೊತೆಗೆ ಇನ್ನೊಂದನ್ನೂ ಕೇಳಿ: ನಾಳೆ ಇದಕ್ಕಿಂತ ಒಳ್ಳೆಯದನ್ನು ಮಾಡುವ ಒಬ್ಬ ಹೊಸಬ ಬಂದರೆ, ಅವನ ಸರಕನ್ನು ನಮ್ಮ ಮನೆ ಬಾಗಿಲಿಗೆ ತರೋ ರೈಲು ಯಾರದು, ಅವನಿಗೆ ಎಷ್ಟು ದರ? ಈ ಉತ್ತರ ಬಹಿರಂಗವಾಗಿ ಸಿಗುವ ಕಡೆ ಮಾರುಕಟ್ಟೆ ಇದೆ. ಸಿಗದ ಕಡೆ, ಬೆಲೆ ಎಷ್ಟೇ ಕಡಿಮೆ ಇರಲಿ, ಯಾರೋ ಒಬ್ಬರು ಟೈಟಸ್‌ವಿಲ್‌ನ ಆ ಅಪ್ಪನ ಹಾಗೆ ಹಾಡೋದನ್ನ ನಿಲ್ಲಿಸಿರುತ್ತಾರೆ.